ಹಡಗು ಹತ್ತಿದ ಕಬಾಬು

ಕಂತು ೭

"ಇದ್ರಗೆ ಮಸಿ ಚೂರ್ ಎಲ್ಲಿತ್ತ್?" ಎಂದು ಅಪ್ಪಿಯಮ್ಮ ಕೇಳಿದರು.

ಜಲಜಳಿಗೆ ತಕ್ಷಣ ತಲೆಬುಡ ತಿಳಿಯಲಿಲ್ಲ. ಗುಲ್ವಾಡಿಯ ಆ ಮನೆಯ ಜಗಲಿಯಲ್ಲಿ ಕೂತು ಫೋಟೋವನ್ನು ಅಪ್ಪಿಯಮ್ಮನ ಕೈಗೆ ಕೊಟ್ಟಿದ್ದಳು. ಮುದುಕಿ ಅಳಬಹುದು, ಇಲ್ಲವೇ ಯಾರಿಗಾದರೂ ಶಾಪ ಹಾಕಬಹುದು ಎಂದುಕೊಂಡು ಕಾದಿದ್ದಳು. ಅಪ್ಪಿಯಮ್ಮ ಎರಡೂ ಮಾಡಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಫೋಟೋವನ್ನು ಬೆಳಕಿಗೆ ಹಿಡಿದು, ಅಕ್ಕಿಯಲ್ಲಿ ಕಲ್ಲು ಹುಡುಕುವವರ ಹಾಗೆ ನೋಡಿದರು.

"ಎಂತ ಮಸಿ ಅಪ್ಪಿಯಮ್ಮ?"

"ನಾನ್ ಹಾಕಿದ್ ಮಸಿ. ಒಲಿಯಿಂದ್ ತೆಗ್ದ್ ಕಬಾಬಿನ್ ಪೊಟ್ಲಿ ಒಳ್ಗ್ ಇಟ್ಟಿದ್ದೆ. ಇದ್ರಗೆ ಕಾಂತಿಲ್ಲೆ."

ಜಲಜ ಫೋಟೋವನ್ನು ಕಸಿದುಕೊಂಡಳೆಂದೇ ಹೇಳಬೇಕು. ಹಡಗಿನವರು ತೆಗೆದು ಪೊಲೀಸರಿಗೆ ಕಳಿಸಿದ ಚಿತ್ರ: ಕ್ಯಾಬಿನ್ನಿನ ಪುಟ್ಟ ಮೇಜು. ಅದರ ಮೇಲೆ ಬಿಚ್ಚಿಟ್ಟ ಬಾಳೆಲೆ, ತಿಂದು ಉಳಿದ ಕೆಂಪು ಕಬಾಬಿನ ತುಂಡುಗಳು, ಬಾಡಿದ ಈರುಳ್ಳಿ, ಹಿಂಡದ ಲಿಂಬೆಯ ಹೋಳು. ಅಪ್ಪಿಯಮ್ಮ ಮಸಿ ಎಂದ ಇದ್ದಿಲಿನ ಚೂರು ಎಲ್ಲೂ ಇರಲಿಲ್ಲ. ಬೆಳಿಗ್ಗೆಯಿಂದ ಈ ಫೋಟೋವನ್ನು ನೋಡಿ ನೋಡಿ ಅವಳ ಕಣ್ಣು ಸೋತಿತ್ತು. ಅದರಲ್ಲಿ ಇರುವುದನ್ನಷ್ಟೇ ನೋಡಿದ್ದಳು. ಇರಬೇಕಾದದ್ದು ಇಲ್ಲವೆಂಬುದನ್ನು ಕಾಣಲು ಗುಲ್ವಾಡಿಯ ಮುದುಕಿಯೇ ಬೇಕಾಯಿತು.

ಮಹಿಳಾ ಎ.ಎಸ್.ಐ. ಆಗಿ ನಿವೃತ್ತಳಾದವಳು ಜಲಜ. ಖಾಕಿ ಬಿಚ್ಚಿಟ್ಟು ನೆಮ್ಮದಿಯಾಗಿ ಮಲ್ಲಿಗೆ ಗಿಡ ನೋಡಿಕೊಂಡಿದ್ದವಳನ್ನು ಈ ಕಬಾಬು ಮತ್ತೆ ಬೀದಿಗೆಳೆದಿತ್ತು. ಅವಳ ತಂಗಿ ಸರಸಳ ಒಬ್ಬನೇ ಮಗ ಶೇಖರ. ಕುಂದಾಪುರದಲ್ಲಿ ಅವನದೊಂದು ಫಾಸ್ಟ್ ಫುಡ್ ಗಾಡಿ. ಅವನು ಕರಿದುಕೊಟ್ಟ ಕಬಾಬನ್ನು ಹಡಗಿನಲ್ಲಿ ತಿಂದ ಅಪ್ಪಿಯಮ್ಮನ ಅಣ್ಣ ಅಣ್ಣಯ್ಯನವರು ಈಗ ದೊಡ್ಡಾಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು. ಉಳಿದ ಕಬಾಬಿನಲ್ಲಿ ಇಲಿ ಪಾಷಾಣ ಇತ್ತೆಂದು ಪ್ರಯೋಗಾಲಯ ಹೇಳಿತ್ತು. ಶೇಖರ ಠಾಣೆಯಲ್ಲಿದ್ದ, ನಾಳೆ ಬೆಳಿಗ್ಗೆ ಅವನನ್ನು ಕೋರ್ಟಿಗೆ ಹಾಜರುಪಡಿಸುವವರಿದ್ದರು.

"ಮಸಿ ಹಾಕಿದ್ದ್ ಖಂಡಿತವಾ?"

"ಎಂತ ಕೇಳ್ತೆ ಮಾರಾಯ್ತಿ," ಅಪ್ಪಿಯಮ್ಮನಿಗೆ ಸಿಟ್ಟೇ ಬಂತು. "ಕೋಳಿ ಕರ್ದದ್ದ್. ಹೊಳಿ ಬದಿಯಂಗೆ ಹೋಯಿ, ಮರವಂತಿ ಕಡ್ಲ್ ಬದಿಯಂಗೆ ಹೋಯಿ, ಕಡೀಗ್ ಸಮುದ್ರದ ನಡೂಕ್ ಹೋಪುದ್. ಅದ್ರ ವಾಸ್ನಿಗ್ ಯಾರ್ಯಾರ್ ಹಿಂದ್ ಬತ್ರೊ ಯಾರಿಗ್ ಗೊತ್ತ್? ಒಂದ್ ಚೂರ್ ಸಾಕಾತ್ತಿಲ್ಲೆ ಅಂದೇಳಿ ದೊಡ್ದೇ ಕಂಡ್ ಹಾಕಿದ್ದೆ."

ಈ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೀನು, ಮಾಂಸ, ಕರಿದ ತಿಂಡಿ ಏನೇ ಇರಲಿ, ಮನೆಯ ಹೊಸಿಲು ದಾಟಿ ದೂರ ಹೋಗುವುದಾದರೆ ಪೊಟ್ಟಣದೊಳಗೆ ಒಂದು ಇದ್ದಿಲ ಚೂರು ಸೇರುತ್ತದೆ. ಕಣ್ಣಿಗೆ ಕಾಣದವರು ಪರಿಮಳಕ್ಕೆ ಮರುಳಾಗಿ ಬೆನ್ನು ಹತ್ತಬಾರದು, ಅಷ್ಟೇ. ನಂಬದವರೂ ಹಾಕುತ್ತಾರೆ. ಹಾಕಿದರೆ ಕಳೆದುಕೊಳ್ಳುವುದು ಏನೂ ಇಲ್ಲವಲ್ಲ.

ಜಲಜ ಲೆಕ್ಕ ಹಾಕಿದಳು. ಅಪ್ಪಿಯಮ್ಮ ಕಟ್ಟಿದ ಪೊಟ್ಟಣದಲ್ಲಿ ಇದ್ದಿಲಿತ್ತು. ಅಣ್ಣಯ್ಯನವರು ತಿಂದ ಪೊಟ್ಟಣದಲ್ಲಿ ಇದ್ದಿಲಿಲ್ಲ. ಅಂದಮೇಲೆ ಇದು ಗುಲ್ವಾಡಿಯಿಂದ ಹೊರಟ ಪೊಟ್ಟಣವೇ ಅಲ್ಲ, ಇದರಲ್ಲಿರುವುದು ಶೇಖರನ ಗಾಡಿಯ ಕಬಾಬೂ ಅಲ್ಲ. ಹುಡುಗ ಬಚಾವು.

ಆ ಸಂತೋಷ ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತೂ ಉಳಿಯಲಿಲ್ಲ. ಯಾಕೆಂದರೆ ಆ ಚಹಾ ತಂದವಳು ಅಪ್ಪಿಯಮ್ಮನ ಸೊಸೆ ವಿನಯಾ.

"ಇವ್ಳೇ ಬಿಸಾಡಿದ್ದಿರ್ಕ್," ಎಂದರು ಅಪ್ಪಿಯಮ್ಮ, ಲೋಟ ತೆಗೆದುಕೊಳ್ಳುತ್ತಲೇ.

"ಏನು ಬಿಸಾಡಿದೆ ಅತ್ತೆ?"

"ಮಸಿ. ಬೊಂಬಾಯ್ಗ್ ಕೊಂಡೋದ ಕೋಳಿ ಸುಕ್ಕದಗಿಪ್ಪ ಮಸಿ ನೀನೇ ಅಲ್ದಾ ಬಿಸಾಡಿದ್ದ್?"

"ಅರೆ, ಅದು ಮದುವೆಯಾದ ಹೊಸದರಲ್ಲಿ," ವಿನಯಾ ಜಲಜಳ ಕಡೆ ತಿರುಗಿದಳು. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು, ಗಂಡ ರಾಜೇಂದ್ರನಿಗೆ ಅಲ್ಲೇ ಹೋಟೆಲು. "ಸುಟ್ಟುಹೋದ ಚಿಕನ್ ಪೀಸ್ ಅಂದ್ಕೊಂಡು ಬಿಸಾಡಿದೆ ಆಂಟಿ. ಅದನ್ನ ಇವರು ಹನ್ನೆರಡು ವರ್ಷದಿಂದ ಹೇಳ್ತಾನೇ ಇದ್ದಾರೆ."

ಜಲಜಳಿಗೆ ನಗು ಬರಲಿಲ್ಲ. ಹಡಗಿನಲ್ಲೂ ಇವಳೇ ಇದ್ದಿಲನ್ನು ತೆಗೆದೆಸೆದಿದ್ದರೆ, ಫೋಟೋದಲ್ಲಿರುವುದು ಅಪ್ಪಿಯಮ್ಮನ ಪೊಟ್ಟಣವೇ. ಕಬಾಬು ಶೇಖರನದೇ. ಹುಡುಗ ಮತ್ತೆ ಲಾಕಪ್ಪಿಗೆ ಹೋದ ಹಾಗೆ.

"ವಿನಯಾ, ಕೂತ್ಕಣಿ," ಎಂದಳು. ಅದು ಹಳೆಯ ಪೊಲೀಸ್ ದನಿ. ವಿನಯಾ ಕೂತಳು.

"ಆ ಪೊಟ್ಲಿ ಹಡಗಿಗೆ ಹ್ಯಾಂಗ್ ಹೋಯ್ತ್ ಅಂದೇಳಿ ಮೊದ್ಲಿಂದ ಹೇಳಿ."

ವಿನಯಾ ಹೇಳಿದಳು, ನಡುನಡುವೆ ಅಪ್ಪಿಯಮ್ಮ ತಿದ್ದಿದರು. ಗೋವಾದಿಂದ ಹೊರಟು ಲಕ್ಷದ್ವೀಪದ ನೀಲಿ ನೀರು ತೋರಿಸಿ ವಾಪಸ್ ತಂದುಬಿಡುವ ಹಡಗು. ರಾಜೇಂದ್ರ ಮನೆಯವರಿಗೆಲ್ಲ ಟಿಕೆಟ್ ಮಾಡಿಸಿದ್ದ. ಹೊರಗಿನ ಆಹಾರ ತರಬಾರದು ಎಂಬ ನಿಯಮವನ್ನು ಅವನು ಓದಿ ಹೇಳಿದಾಗ ಅಣ್ಣಯ್ಯನವರು ಕೇಳಿದ್ದು ಒಂದೇ ಪ್ರಶ್ನೆ: ಅಲ್ಲಿ ಶೇಖರನ ಕಬಾಬು ಸಿಗುತ್ತದೆಯೇ? ಇಲ್ಲವೆಂದಾದರೆ ನೀವೇ ಹೋಗಿ ಬನ್ನಿ, ನಾನು ಬರುವವನಲ್ಲ.

ಅಣ್ಣಯ್ಯನವರ ಈ ಕಬಾಬಿನ ಹುಚ್ಚು ಊರಿಗೆಲ್ಲ ಗೊತ್ತು, ಅವರಿಗೆ ಮಾತ್ರ ಅದು ಗುಟ್ಟು. ಸಂಜೆಯಾಯಿತೆಂದರೆ ಹಟ್ಟಿಯಂಗಡಿ ಗಣಪತಿ ದೇವಸ್ಥಾನಕ್ಕೆಂದು ಮನೆಯಿಂದ ಹೊರಡುವವರು. ಬಸ್ಸು ಹತ್ತಿ ಇಳಿಯುವುದು ಕುಂದಾಪುರದಲ್ಲಿ, ಶೇಖರನ ಗಾಡಿಯ ಎದುರು. ವಾಪಸು ಬರುವಾಗ ಹಣೆಯಲ್ಲಿ ಗಂಧವಿರುತ್ತಿತ್ತು, ಮೀಸೆಯಲ್ಲಿ ಮಸಾಲೆಯ ಪರಿಮಳ ಇರುತ್ತಿತ್ತು. ಗಂಧ ಎಲ್ಲಿ ಹಚ್ಚಿಕೊಳ್ಳುತ್ತಿದ್ದರೋ, ಆ ಗಣಪತಿಗೇ ಗೊತ್ತು.

ಅಣ್ಣನ ಆಸೆಗೆ ದಾರಿ ಮಾಡಿಕೊಟ್ಟವರು ಅಪ್ಪಿಯಮ್ಮ. ಅವರ ಮೊಣಕಾಲು ನೋವಿನ ತೈಲಕ್ಕೆ ಒಂದು ಬೇರೆಯೇ ಚೀಲ. ಆ ತೈಲದ ವಾಸನೆಗೆ ಮನೆಯ ಬೆಕ್ಕು ಕೂಡ ಓಡುತ್ತದೆ. ಕಬಾಬಿನ ಪೊಟ್ಟಣ ಆ ಚೀಲದೊಳಗೆ, ತೈಲ ಹೀರಿದ ಟವೆಲಿನ ಅಡಿಯಲ್ಲಿ ಕೂತಿತು. ಬಂದರಿನಲ್ಲಿ ಚೀಲ ತಪಾಸಣೆ ದಾಟಿತು. ಹಡಗು ಹತ್ತಿದ ಮೇಲೆ ಅಪ್ಪಿಯಮ್ಮ ಚೀಲವನ್ನು ಹಾಗೆಯೇ ಅಣ್ಣನ ಕ್ಯಾಬಿನ್ನಿನಲ್ಲಿ ಇಟ್ಟು ಬಂದರು. ಆ ದಿನ ಶನಿವಾರ, ಅವರು ಮಾಂಸ ಮುಟ್ಟುವವರಲ್ಲ, ಆದ್ದರಿಂದ ಒಳಗೆ ಕೈ ಹಾಕಲೇ ಇಲ್ಲ.

"ಅಣ್ಣಯ್ಯ ಒಬ್ರೇ ತಿಂದ್ರಾ?"

"ಒಬ್ರೇ. ಬಾಗಿಲು ಹಾಕ್ಕೊಂಡು," ಎಂದಳು ವಿನಯಾ. "ನಾವು ಮೇಲೆ ಡೆಕ್‌ನಲ್ಲಿದ್ವಿ. ಕೆಳಗೆ ಬಂದು ನೋಡುವಾಗ ಅವರು ನೆಲದಲ್ಲಿ ಬಿದ್ದಿದ್ರು."

ಅಪ್ಪಿಯಮ್ಮ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು. "ನಾನೇ ಅಲ್ದಾ ಕಟ್ಟಿ ಕೊಟ್ಟದ್," ಎಂದರು.

ಜಲಜ ವಿನಯಾಳ ಕಡೆ ತಿರುಗಿದಳು. "ಈ ಹೊಳಿ ಬದಿ ಜಾಗ ಅಣ್ಣಯ್ಯಂದ್. ಇಲ್ಲಿ ರೆಸಾರ್ಟ್ ಕಟ್ಕ್ ಅಂದೇಳಿ ರಾಜೇಂದ್ರಂಗ್ ಆಸೆ. ಅಣ್ಣಯ್ಯ ಆತ್ತಿಲ್ಲೆ ಅಂದಿದ್ರ್. ಹೌದಲ್ದಾ?"

"ಹೌದು. ಅದಕ್ಕೆ?"

"ಅಣ್ಣಯ್ಯ ಇಲ್ದಿದ್ರೆ ಜಾಗ ಯಾರಿಗ್?"

ವಿನಯಾಳ ಮುಖ ಕೆಂಪಾಯಿತು. "ಆಂಟಿ, ನಿಮ್ಮ ತಂಗಿ ಮಗನನ್ನ ಬಿಡಿಸೋಕೆ ನನ್ನ ಗಂಡನನ್ನ ಒಳಗೆ ಹಾಕ್ತೀರಾ? ಅವರು ಮೂರು ದಿನದಿಂದ ಆಸ್ಪತ್ರೆ ಬೆಂಚಿನ ಮೇಲೆ ಮಲಗ್ತಿದ್ದಾರೆ."

"ನಾನ್ ಯಾರನ್ನೂ ಹಾಕ್ತಿಲ್ಲೆ. ಮಸಿ ತೆಗ್ದದ್ದ್ ನೀವಾ ಅಲ್ದಾ, ಅಷ್ಟೇ ಹೇಳಿ."

"ನಾನು ಮುಟ್ಟೇ ಇಲ್ಲ. ಆ ಬ್ಯಾಗಿನ ಹತ್ತಿರವೂ ಹೋಗಿಲ್ಲ. ಮೊದಲೇ ವ್ಯಾನ್ ತುಂಬಾ ಮೀನಿನ ವಾಸನೆ, ಅದರ ಮೇಲೆ ಅತ್ತೆಯ ತೈಲ. ನನಗೆ ವಾಂತಿ ಬರೋದೊಂದು ಬಾಕಿ. ಮತ್ತೆ ಮಸಿ ಮಸಿ ಅಂತ ನನ್ನ ಮೇಲೆ ಹಾಕ್ತೀರಲ್ಲ, ಮೊಳೆ ಹಾಕಿದ್ದು ಯಾರು? ಅದನ್ನ ಕೇಳಿ ಅತ್ತೆಯ ಹತ್ತಿರ."

"ಎಂತ ಮೊಳೆ?" ಎಂದು ಜಲಜ, ಅಪ್ಪಿಯಮ್ಮ ಇಬ್ಬರೂ ಒಟ್ಟಿಗೆ ಕೇಳಿದರು.

"ಬಂದರಿನಲ್ಲಿ ಸ್ಕ್ಯಾನರ್‌ನವನು ಬ್ಯಾಗನ್ನ ನಿಲ್ಲಿಸಿದ್ದು ಯಾಕೆ ಅಂದ್ಕೊಂಡ್ರಿ? ಟೀವಿಯಲ್ಲಿ ಕಾಣ್ತಿತ್ತು, ನಾನೇ ನೋಡಿದ್ದೇನೆ. ಇಷ್ಟುದ್ದದ ಮೊಳೆ." ವಿನಯಾ ತೋರುಬೆರಳನ್ನು ಎತ್ತಿ ತೋರಿಸಿದಳು. "ಇದೇನು ಮಾತಾಜಿ ಅಂತ ಅವನು ಹಿಂದಿಯಲ್ಲಿ ಕೇಳಿದ. ಅತ್ತೆ ಕನ್ನಡದಲ್ಲಿ ಕಾಲಿನ ಮದ್ದು ಅಂದ್ರು. ಅವನು ಜಿಪ್ ತೆಗೆದ, ತೈಲದ ವಾಸನೆಗೆ ಸೀನಿದ, ಹೋಗಿ ಹೋಗಿ ಅಂತ ಕಳಿಸಿಬಿಟ್ಟ."

"ಅವ ತೈಲದ ಬಾಟ್ಲಿ ಕೇಳಿದ್ದ್ ಅಂದೇಳಿ ಗ್ರಹಿಸಿದೆ ನಾನ್," ಎಂದರು ಅಪ್ಪಿಯಮ್ಮ, ನಿಜವಾಗಿ ಬೆರಗಾಗಿ. "ಮೊಳೆ ನಾನ್ ಹಾಕ್ಲಿಲ್ಲೆ ಜಲಜಾ. ತಿಂಬು ವಸ್ತುಗೆ ಕಬ್ಬಿಣ ಮುಟ್ಸುಕಾಗ ಅಂದೇಳಿ ನಮ್ ಅಬ್ಬಿ ಹೇಳ್ತಿದ್ರ್. ನಮ್ಮನಿಯಗೆ ಮಸಿ ಮಾತ್ರ. ಮಸಿ ಬದ್ಲ್ ಮೊಳೆ ಹಾಕುದ್ ಬೇರೆ ಮನಿಯರ್."

ಇದ್ದ ಇದ್ದಿಲು ಇಲ್ಲ, ಇಲ್ಲದ ಮೊಳೆ ಇದೆ. ಜಲಜಳಿಗೆ ತಲೆ ಗಿರ್ರೆಂದಿತು. ಒಂದಂತೂ ನಿಜ, ಸೊಸೆ ಹೇಳಿದ್ದನ್ನು ಅತ್ತೆ ಅಲ್ಲಗಳೆಯಲಿಲ್ಲ, ಇಬ್ಬರ ನಡುವೆ ಹನ್ನೆರಡು ವರ್ಷದಲ್ಲಿ ಒಪ್ಪಿಗೆಯಾದ ಮೊದಲ ಮಾತು ಇದೇ ಇರಬೇಕು. ಗುಲ್ವಾಡಿಯಿಂದ ಗೋವಾ ತಲುಪುವುದರೊಳಗೆ ಆ ಚೀಲದೊಳಗೆ ಬೇರೊಂದು ಮನೆಯ ಕೈ ಹೋಗಿತ್ತು.

"ದಾರಿಯಂಗೆ ಎಲ್ಲಿ ನಿಲ್ಸಿದ್ರಿ?"

"ಬೈಂದೂರಿನಲ್ಲಿ ಮಾತ್ರ. ಚಹಾಕ್ಕೆ. ಡ್ರೈವರ್, ರಾಜೇಂದ್ರ, ಅತ್ತೆ, ನಾನು ಎಲ್ಲರೂ ಇಳಿದ್ವಿ. ಅಣ್ಣಯ್ಯ ಮಾವ ಇಳಿಯಲಿಲ್ಲ, ಕಾಲು ನೋವು ಅಂದ್ರು. ಬ್ಯಾಗ್ ಅವರ ಹತ್ತಿರಾನೇ ಇತ್ತು." ವಿನಯಾ ಒಂದು ಕ್ಷಣ ಯೋಚಿಸಿದಳು. "ವಾಪಸ್ ಬಂದು ಹತ್ತುವಾಗಲೇ ಆ ಮೀನಿನ ವಾಸನೆ ಇದ್ದದ್ದು. ಕಡಲ ಕರೆ ಅಲ್ವಾ ಅಂತ ಸುಮ್ಮನಾದೆ."

ಮೀನಿನ ವಾಸನೆಯನ್ನು ಜಲಜ ಕಿವಿಗೇ ಹಾಕಿಕೊಳ್ಳಲಿಲ್ಲ. ಬೈಂದೂರಿನಲ್ಲಿ ಮೀನು ನಾರದೆ ಮಲ್ಲಿಗೆ ಘಮಘಮಿಸುತ್ತದೆಯೇ? ಅವಳು ಹುಟ್ಟಿದ ಊರು ಅದು. ಅವಳ ಲಕ್ಷ್ಯವೆಲ್ಲ ಮೊಳೆಯ ಮೇಲಿತ್ತು. ಅಂಗಳಕ್ಕೆ ಇಳಿದು, ಸಿಗ್ನಲ್ ಸಿಗುವ ಬಾವಿಕಟ್ಟೆಯ ಹತ್ತಿರ ಹೋಗಿ, ಈ ಕೇಸು ನೋಡುತ್ತಿದ್ದ ಸಬ್ ಇನ್ಸ್‌ಪೆಕ್ಟರ್ ರತ್ನಾಕರನಿಗೆ ಫೋನು ಮಾಡಿದಳು. ಬ್ರಹ್ಮಾವರದವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಜಲಜಳ ಕೈಕೆಳಗೆ ಪಂಚನಾಮೆ ಬರೆಯಲು ಕಲಿತವನು.

"ರತ್ನಾಕರ, ಆ ಕಬಾಬಿನೊಟ್ಟಿಗೆ ಒಂದ್ ಮೊಳೆ ಇದ್ದಿತಾ?"

ಆ ಕಡೆ ಕಾಗದ ಸರಿಸುವ ಸದ್ದು. "ಇತ್ತ್ ಜಲಜಕ್ಕ, ಮೇಜಿನಡಿಗ್ ಬಿದ್ದಿತ್. ಹಡಗಿನವ್ರ್ ಬೇರೆ ಕವರಿನಗೆ ಹಾಕಿ ಕಳ್ಸಿದ್ರ್. ಕ್ಯಾಬಿನ್ನಿನ ಕಪಾಟಿಂದ ಬಿದ್ದದ್ದಿರ್ಕ್ ಅಂದೇಳಿ ನಾವ್ ಬದಿಗಿಟ್ಟಿದ್ದೊ. ಎಂತಕ್ಕೆ?"

ಜಲಜಳಿಗೆ ಕುಣಿಯಬೇಕೆನಿಸಿತು. ಮೊಳೆ ಇದೆ, ಅದಕ್ಕೆ ಸಾಕ್ಷಿ ಇದೆ. ನಾಳೆ ವಕೀಲರ ಕೈಗೆ ಇದಿಷ್ಟು ಕೊಟ್ಟರೆ ಸಾಕು. ಈ ಪೊಟ್ಟಣ ಅಪ್ಪಿಯಮ್ಮನದಲ್ಲ, ಅಂದಮೇಲೆ ಶೇಖರನದೂ ಅಲ್ಲ. ಯಾರದೆಂದು ಹುಡುಕುವುದು ಪೊಲೀಸರ ಕೆಲಸ.

"ಅದ್ರ ಮೈ ಹ್ಯಾಂಗಿತ್ತ್? ಉರುಟಾ?"

"ಅಲ್ಲ, ಚೌಕ. ತುಕ್ಕ್ ಹಿಡ್ದಿತ್. ದೋಣಿಗೆ ಹೊಡೆವ ಮೊಳೆ ಕಂಡಾಂಗಿತ್ತ್." ರತ್ನಾಕರ ಕವರನ್ನು ಬೆಳಕಿಗೆ ಹಿಡಿದಿರಬೇಕು. "ಮತ್ತೆ ಮೈಗೆಲ್ಲ ಕಪ್ಪ್ ನೂಲ್ ಸುತ್ತಿದ್ರ್. ಎಂತದ್ದೋ ಮಾಟ ಮಂತ್ರ ಕಾಣತ್ತ್, ಅಲ್ದಾ?"

ಜಲಜ ಬಾವಿಕಟ್ಟೆಯ ಮೇಲೆ ಕೂತಳು.

"ಜಲಜಕ್ಕ? ಕೇಣ್ತಾ?"

"ಮತ್ತೆ ಮಾಡ್ತೆ," ಎಂದು ಫೋನು ಇಟ್ಟಳು.

ಅದು ಮಾಟವೂ ಅಲ್ಲ, ಮಂತ್ರವೂ ಅಲ್ಲ. ಅವಳ ಅಬ್ಬೆಯ ಬುದ್ಧಿವಂತಿಕೆ. ಜಲಜಳ ಅಪ್ಪ ಬೈಂದೂರಿನ ಕಡಲ ಕರೆಯಲ್ಲಿ ದೋಣಿ ಕಟ್ಟುತ್ತಿದ್ದವನು. ದೋಣಿಗೆ ಹೊಡೆದು ಮಿಕ್ಕ ಚೌಕದ ಮೊಳೆಗಳು ಮನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿಯ ತುಂಬ ಇದ್ದವು. ಮೀನು ಹುರಿದು ಯಾರಿಗಾದರೂ ಕಟ್ಟಿಕೊಡುವಾಗ ಅಬ್ಬೆ ಅದರೊಳಗೆ ಒಂದು ಮೊಳೆ ಇಡುತ್ತಿದ್ದಳು. ತುಕ್ಕು ಮೀನಿಗೆ ತಾಗಬಾರದೆಂದು ಮೊಳೆಯ ಮೈಗೆ ಕಪ್ಪು ನೂಲು ಒತ್ತೊತ್ತಾಗಿ ಸುತ್ತುತ್ತಿದ್ದಳು. ಮೊಳೆ ಇಡುವ ಮನೆಗಳು ಬೇಕಾದಷ್ಟಿವೆ. ನೂಲು ಸುತ್ತುವ ಇನ್ನೊಂದು ಮನೆಯನ್ನು ಜಲಜ ತನ್ನ ಇಷ್ಟು ವರ್ಷದ ಸರ್ವೀಸಿನಲ್ಲಿ, ಅಷ್ಟೊಂದು ಅಡುಗೆಮನೆಗಳನ್ನು ಜಾಲಾಡಿಯೂ ನೋಡಿರಲಿಲ್ಲ.

ಅಬ್ಬೆ ತೀರಿಕೊಂಡಾಗ ಅಕ್ಕ ತಂಗಿ ಡಬ್ಬಿಯ ಮೊಳೆಗಳನ್ನು ಅರ್ಧರ್ಧ ಹಂಚಿಕೊಂಡಿದ್ದರು. ಬೇರೆ ಆಸ್ತಿಯೇನೂ ಇರಲಿಲ್ಲ. ಜಲಜಳ ಪಾಲು ಅದೇ ಡಬ್ಬಿಯಲ್ಲಿ ಅವಳ ಅಡುಗೆಮನೆಯ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಒಂಟಿ ಹೆಂಗಸು, ಅವಳು ಯಾರಿಗೆ ಮೀನು ಕಟ್ಟಿಕೊಡಬೇಕು? ಇನ್ನರ್ಧ ಬೈಂದೂರಿನಲ್ಲೇ ಇರುವ ಸರಸಳ ಮನೆಯಲ್ಲಿತ್ತು.

ಹಾಗೆ ನೋಡಿದರೆ ಈ ಕೇಸಿಗೆ ಅವಳನ್ನು ಎಳೆದವಳೇ ಸರಸ. ಮಗನನ್ನು ಹಿಡಿದ ದಿನ ಕಾಲಿಗೆ ಬಿದ್ದು ಅತ್ತಿದ್ದಳು. ಶನಿವಾರ ಎಲ್ಲಿದ್ದೆಯೆಂದು ಜಲಜ ಮಾತಿಗೆ ಕೇಳಿದ್ದಕ್ಕೆ, ಮನೆಯ ಮೆಟ್ಟಿಲೇ ಇಳಿದಿಲ್ಲ ಅಕ್ಕ ಎಂದಿದ್ದಳು. ಮತ್ತೆ ಕೇಳದೆ ಇದ್ದರೂ ಎರಡನೇ ಸಲವೂ ಹೇಳಿದ್ದಳು. ಆಗ ಅದು ಕಿವಿಗೆ ಚುಚ್ಚಬೇಕಿತ್ತು. ಬೇರೆಯವರ ತಂಗಿಯಾಗಿದ್ದರೆ ಚುಚ್ಚುತ್ತಿತ್ತು.

ಅಪ್ಪಿಯಮ್ಮ ಜಗಲಿಯಿಂದ ಕರೆದರು. "ಹ್ವಾಯ್ ಜಲಜಾ, ಮೊಳೆ ಯಾರದ್ ಅಂದೇಳಿ ಗೊತ್ತಾಯ್ತಾ?"

"ಕಾಂಬ ಅಪ್ಪಿಯಮ್ಮ," ಎಂದಳು ಜಲಜ. ತಂದಿಟ್ಟ ಚಹಾ ಹಾಗೆಯೇ ಆರಿತ್ತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೂ ಅವಳಿಗೆ ಹೊರಗಿನದೇನೂ ಕಾಣಲಿಲ್ಲ. ತಂಗಿ ಅಣ್ಣಯ್ಯನವರಿಗೆ ವಿಷ ಹಾಕುವುದೇ? ಯಾಕೆ? ಅವರ ಪರಿಚಯವೇ ಇಲ್ಲವೆಂದಿದ್ದಳು. ಮಗನ ಗಾಡಿಯ ಗಿರಾಕಿಯನ್ನು ತಾಯಿ ಕೊಲ್ಲುವುದುಂಟೇ? ಕೊಂದರೂ ಮಗನೇ ಸಿಕ್ಕಿಬೀಳುವ ಹಾಗೆ ಕಬಾಬಿನಲ್ಲೇ ಕೊಲ್ಲುತ್ತಾಳೆಯೇ? ಒಂದು ಎಳೆ ಹಿಡಿದರೆ ಇನ್ನೊಂದು ಕಗ್ಗಂಟಾಗುತ್ತಿತ್ತು. ಮಗನನ್ನು ಬಿಡಿಸಬೇಕಾದರೆ ತಾಯಿಯನ್ನು ಹಿಡಿದುಕೊಡಬೇಕು ಎಂಬಲ್ಲಿಗೆ ಬಂದು ಅವಳ ಯೋಚನೆ ನಿಂತಿತು. ಅವಳಿಗೆ ಅಳು ಬಂತು. ಕಂಡಕ್ಟರು ಟಿಕೆಟ್ ಕೇಳಿದ್ದರಿಂದ ಅದನ್ನೂ ನುಂಗಿಕೊಂಡಳು.

ಮನೆಗೆ ಬರುವಾಗ ಸಂಜೆಯ ದೀಪ ಹಚ್ಚುವ ಹೊತ್ತು. ಅಡುಗೆಮನೆಯಿಂದ ಹುರಿದ ಬಂಗುಡೆಯ ಪರಿಮಳ ಅಂಗಳದವರೆಗೂ ಬಂದಿತ್ತು. ಶೇಖರನನ್ನು ಹಿಡಿದ ಮೇಲೆ ಸರಸ ಅಕ್ಕನ ಮನೆಯಲ್ಲೇ ಇದ್ದಳು. ಮಗನಿಗೆ ಠಾಣೆಗೆ ಊಟ ಕೊಂಡೊಯ್ಯಲು ರತ್ನಾಕರ ಅನುಮತಿ ಕೊಟ್ಟಿದ್ದ.

ಜಲಜ ಬಾಗಿಲಲ್ಲೇ ನಿಂತಳು. ಸರಸ ಬೆನ್ನು ಹಾಕಿ ಕೂತು ಬಾಳೆಲೆಯಲ್ಲಿ ಅನ್ನ ಬಡಿಸಿ, ಬದಿಗೆ ಬಂಗುಡೆ ಇಟ್ಟಳು. ಎಲೆ ಮಡಚುವ ಮೊದಲು, ಸೆರಗಿನ ತುದಿಯ ಗಂಟು ಬಿಚ್ಚಿ ಏನನ್ನೋ ತೆಗೆದು ಮೀನಿನ ಪಕ್ಕ ಇಟ್ಟಳು.

ಕಪ್ಪು ನೂಲು ಸುತ್ತಿದ ಮೊಳೆ.

"ಬಂದ್ಯಾ ಅಕ್ಕ," ತಿರುಗಿ ನೋಡಿದ ಸರಸ ನಕ್ಕಳು. "ಹೊತ್ತ್ ಮುಳ್ಗಿತ್. ಮೂರ್ ಮಾರ್ಗ ಕೂಡುವಲ್ಲಿ ದಾಟಿ ಹೋಪುದಲ್ದಾ, ಅದ್ಕೆ ಹಾಕಿದೆ. ಇವತ್ತ್ ನೀನೇ ಕೊಂಡೋಯ್ ಕೊಡ್. ಅವಂಗ್ ಬಂಗ್ಡಿ ಅಂದ್ರೆ ಜೀವ."

ಜಲಜ ಎದುರಿಗೆ ಕೂತಳು. ಪೊಟ್ಟಣದಿಂದ ಮೊಳೆಯನ್ನು ತೆಗೆದು ನೆಲದ ಮೇಲೆ, ಇಬ್ಬರ ನಡುವೆ ಇಟ್ಟಳು.

"ಶನಿವಾರ ಬೆಳಿಗ್ಗೆ ಎಲ್ಲಿದ್ದೆ ಸರಸ?"

"ಮನೆಯಗೆ. ಹೇಳಿದ್ನಲೆ."

"ಅಣ್ಣಯ್ಯನ ಪೊಟ್ಲಿಯಗೆ ಇಂಥದ್ದೇ ಸಿಕ್ಕಿತ್. ಅಬ್ಬೆ ನೂಲ್."

ಸರಸಳ ಮುಖದಿಂದ ನಗು ಇಳಿಯಿತು. ಅವಳು ಸುಳ್ಳು ಹೇಳಲು ಬಾಯಿ ತೆರೆದದ್ದನ್ನು ಜಲಜ ಕಂಡಳು. ಸುಳ್ಳು ಬರಲಿಲ್ಲ. ಚಿಕ್ಕಂದಿನಲ್ಲೂ ಹೀಗೆಯೇ, ಅಕ್ಕ ಎದುರು ಕೂತರೆ ಸರಸಳಿಗೆ ಸುಳ್ಳು ಗಂಟಲಲ್ಲೇ ನಿಲ್ಲುತ್ತಿತ್ತು.

"ಪೊಟ್ಲಿ ಕೊಟ್ಟದ್ ನಾನೇ ಅಕ್ಕ," ಎಂದಳು ಮೆಲ್ಲಗೆ. "ಮೊಳೆ ನಂದೇ. ಅವ್ರೇ ಫೋನ್ ಮಾಡಿದ್ರ್. ಹಡಗಿಗ್ ಹೋತೆ, ಬೈಂದೂರಗೆ ವ್ಯಾನ್ ನಿಲ್ಲತ್ತ್, ತಂದ್ ಕೊಡ್ ಅಂದ್ರ್. ತಂದ್ ಕೊಟ್ಟೆ. ಆದ್ರೆ ಅದ್ರಗೆ ಕಬಾಬ್ ಇರ್ಲಿಲ್ಲೆ."

"ಎಂತ ಇದ್ದಿತ್?"

"ಬಂಗ್ಡಿ. ಇದೇ, ನಾನ್ ಹುರ್ದ ಬಂಗ್ಡಿ. ಶೇಖರನ ಆಣಿ ಅಕ್ಕ. ಬಂಗ್ಡಿ ಬಿಟ್ರೆ ಬೇರೆ ಎಂತದೂ ಇರ್ಲಿಲ್ಲೆ."

ವ್ಯಾನ್ ತುಂಬಾ ಮೀನಿನ ವಾಸನೆ ಎಂದು ವಿನಯಾ ಹೇಳಿದ್ದು ಜಲಜಳಿಗೆ ಆಗ ನೆನಪಾಯಿತು. ತಂಗಿ ಹೇಳುತ್ತಿರುವುದು ನಿಜ. ನಿಜವೆಂದು ಗೊತ್ತಾದರೂ ಸಮಾಧಾನವಾಗಲಿಲ್ಲ, ಗೊಂದಲ ಇಮ್ಮಡಿಯಾಯಿತು. ಒಬ್ಬ ಮುದುಕ, ಎರಡು ಕಳ್ಳ ಪೊಟ್ಟಣ. ಒಂದರಲ್ಲಿ ಇದ್ದಿಲಿನ ಜೊತೆ ಕಬಾಬು, ಇನ್ನೊಂದರಲ್ಲಿ ಮೊಳೆಯ ಜೊತೆ ಬಂಗುಡೆ. ಸಿಕ್ಕಿದ್ದು ಮಾತ್ರ ಮೊಳೆಯ ಜೊತೆ ಕಬಾಬು. ಹಾಗಾದರೆ ಇದ್ದಿಲು ಎಲ್ಲಿ, ಬಂಗುಡೆ ಎಲ್ಲಿ? ಹಡಗಿನ ಮೇಲೆ ಯಾವ ಕೈ ಒಂದರ ಎಲೆಯೊಳಗೆ ಇನ್ನೊಂದನ್ನು ತುಂಬಿತು?

"ಅವ್ರಿಗೂ ನಿಂಗೂ ಎಂತದ್ ಸರಸ? ಗುರ್ತವೇ ಇಲ್ಲೆ ಅಂದಿದ್ದೆ."

ಸರಸ ತಲೆ ತಗ್ಗಿಸಿದಳು. "ಅದೊಂದ್ ಕೇಣ್ಬೇಡ ಅಕ್ಕ."

ಅಷ್ಟರಲ್ಲಿ ಜಲಜಳ ಫೋನು ಹೊಡೆದುಕೊಂಡಿತು. ರತ್ನಾಕರ.

"ಜಲಜಕ್ಕ, ಮತ್ತೆ ಮಾಡ್ತೆ ಅಂದ್ರಿ, ಮಾಡ್ಲಿಲ್ಲೆ. ಆ ಮೊಳೆ ಯಾರ ಮನಿದ್ ಅಂದೇಳಿ ನಿಮ್ಗ್ ಗೊತ್ತಿತ್ತಾ?"

ಸಣ್ಣ ಅಡುಗೆಮನೆ, ರತ್ನಾಕರನ ದೊಡ್ಡ ಗಂಟಲು. ಸರಸಳಿಗೆ ಎಲ್ಲ ಕೇಳಿಸಿತು. ಅವಳು ಅಕ್ಕನ ಮೊಣಕಾಲನ್ನು ಹಿಡಿದುಕೊಂಡಳು.

"ಹೇಳ್ ಅಕ್ಕ," ಎಂದು ಪಿಸುಗುಟ್ಟಿದಳು. "ನಂದೇ ಅಂದೇಳಿ ಹೇಳ್. ಮಗ ಹೊರ್ಗ್ ಬರ್ಲಿ."

ಹೇಳಿದರೆ ಶೇಖರ ನಾಳೆಯೇ ಗಾಡಿಯ ಎದುರು ನಿಲ್ಲುತ್ತಾನೆ. ತಂಗಿಯ ಬಂಗುಡೆಯ ಕಥೆಯನ್ನು ಮಾತ್ರ ಯಾವ ಕೋರ್ಟೂ ನಂಬುವುದಿಲ್ಲ. ನಂಬಿಸಬಲ್ಲ ಒಬ್ಬನೇ ಒಬ್ಬ ಮನುಷ್ಯ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಾನೆ. ಒಂದು ದಿನ ಸಿಕ್ಕರೆ ಸಾಕು, ಹಡಗಿನ ಮೇಲಿನ ಆ ಕೈಯನ್ನು ಹುಡುಕಬಹುದು. ಒಂದೇ ಒಂದು ದಿನ.

ಜಲಜ ತಂಗಿಯ ಮುಖವನ್ನು ನೋಡಿದಳು.

"ಗೊತ್ತಿಲ್ಲೆ ರತ್ನಾಕರ," ಎಂದಳು.

ಇಡೀ ಸರ್ವೀಸಿನಲ್ಲಿ ಪೊಲೀಸರ ಮುಂದೆ ಅವಳು ಹೇಳಿರದಿದ್ದ ಸುಳ್ಳು, ನಿವೃತ್ತಿಯಾದ ಮೇಲೆ ಸಲೀಸಾಗಿ ಬಾಯಿಗೆ ಬಂದಿತ್ತು. ಸರಸ ಬಾಯಿಗೆ ಸೆರಗು ಒತ್ತಿಕೊಂಡಳು.

ಆ ಕಡೆ ರತ್ನಾಕರನ ದನಿ ಬದಲಾಯಿತು. ಗುರುತಿಲ್ಲದವರ ಜೊತೆ ಮಾತಾಡುವ ಪೊಲೀಸಿನವನ ದನಿ ಅದು. ಜಲಜಳೇ ಅವನಿಗೆ ಕಲಿಸಿಕೊಟ್ಟದ್ದು.

"ನೀವ್ ಫೋನ್ ಇಟ್ಟ ಮೇಲೆ ಆ ಮೊಳೆ ಶೇಖರನಿಗ್ ತೋರ್ಸಿದೆ. ಸುಮಾರ್ ಹೊತ್ತ್ ಎಂತದೂ ಹೇಳ್ಲಿಲ್ಲೆ. ಈಗ ಬಾಯಿ ಬಿಟ್ಟ." ಕಾಗದ ಸರಿಸಿದ ಸದ್ದು. "ಅದ್ ನನ್ನ್ ದೊಡ್ಡಮ್ಮಂದ್ ಅಂದ. ಜಲಜ ದೊಡ್ಡಮ್ಮಂದ್. ಅವ್ರ ಅಡ್ಗಿಮನಿ ಅಟ್ಟದ ಮೇಲೆ ಬಿಸ್ಕತ್ತಿನ ಡಬ್ಬಿಯಗೆ ಇಂಥದ್ದೇ ಇತ್ತ್ ಅಂದ. ಅಲ್ಲೇ ಇರಿ ಜಲಜಕ್ಕ, ಎಲ್ಲಿಗೂ ಹೋಯ್ಬೇಡಿ. ಜೀಪ್ ಹೊರಟಿತ್."